ಕೆಡುತ್ತಿರುವ ಹಾರ್ಡ್ ಡಿಸ್ಕೂ ತ್ರುಟಿತ ಗ್ರಂಥವೂ

ಮನೆಯ ಕಾಗದಪತ್ರಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಲವು ನಮ್ಮ ಕೊಡಗಿನಲ್ಲಿಯೂ ಕಳೆದುಹೋಯಿತು. ಮದುವೆಯ ಚಿತ್ರಗಳು, ಜಮ್ಮಾ ಭೂಮಿಯ ದಾಖಲೆಗಳ ಪ್ರತಿಗಳು, ಕಾಫಿ ತೋಟದ ಲೆಕ್ಕ, ದೂರದೇಶದಲ್ಲಿರುವ ಮಕ್ಕಳ ಪತ್ರಗಳು, ಇವೆಲ್ಲವೂ ಈಗ ಅಂಗೈಯಗಲದ ಒಂದು ಕರಿಯ ಡಬ್ಬಿಯಲ್ಲಿ ಅಡಗಿಕೊಂಡಿರುವುವು. ಕಂಪ್ಯೂಟರಿಗೆ ಹೊರಗಿನಿಂದ ತಂತಿಯಲ್ಲಿ ಜೋಡಿಸತಕ್ಕ ಈ ಡಬ್ಬಿಗೆ ಹಾರ್ಡ್ ಡಿಸ್ಕು ಎಂದು ಹೆಸರು. ಅದಕ್ಕೆ ಕೆಡುವ ಕಾಲ ಒದಗಿದಾಗ ಗೃಹಸ್ಥರು ಏನು ಮಾಡತಕ್ಕದ್ದು, ಅದಕ್ಕಿಂತ ಮುಖ್ಯವಾಗಿ ಏನು ಮಾಡತಕ್ಕದ್ದಲ್ಲ, ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆವು. ಸಂಸ್ಕೃತ ಪಾಠ ಹೇಳಿದ ಮಾಸ್ತರಿಗೆ ಯಂತ್ರದ ಮಾತೇತಕ್ಕೆ ಎಂದು ಕೆಲವರು ನಗಬಹುದು. ಆದರೆ ಈ ವಿದ್ಯೆಯು ನಮ್ಮ ಹಳೆಯ ಲಿಪಿಕಾರರ ವಿದ್ಯೆಗೆ ಬಹಳ ಸಮೀಪವಾದುದೆಂದು ನಮ್ಮ ಎಣಿಕೆ.

ಡಬ್ಬಿಯೊಳಗೆ ಇರುವುದು ಕನ್ನಡಿಯಂತೆ ನುಣುಪಾದ ತಟ್ಟೆಗಳು. ಅವುಗಳ ಮೇಲೆ ಅಯಸ್ಕಾಂತ ಗುಣವುಳ್ಳ ತೆಳುವಾದ ಲೇಪವಿರುವುದು. ಅಕ್ಷರವೂ ಚಿತ್ರವೂ ಧ್ವನಿಯೂ ಅದರಲ್ಲಿಯೇ ಅಂಕಿತವಾಗುವುವು. ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸಲ ಸುತ್ತುವುದು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿ ಓದುವುದಷ್ಟೆ. ಇಲ್ಲಿಯ ಮುಳ್ಳಾದರೋ ಮುಟ್ಟದೆ, ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ಕಡಮೆಯಾದ ಅಂತರದಲ್ಲಿ ತೇಲುತ್ತ ಓದುವುದು. ಐಬಿಎಮ್ ಕಂಪೆನಿಯು 1956ರಲ್ಲಿ ಇಂತಹ ಯಂತ್ರವನ್ನು ಮೊದಲು ಹೊರತಂದಾಗ ಅದರಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದುವು. ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಈಗಿನ ಒಂದು ಟೆರಾಬೈಟಿನ ಡಬ್ಬಿಯು ಅದರ ಎರಡು ಲಕ್ಷ ಪಾಲನ್ನು ಹೊತ್ತು ಜೇಬಿನಲ್ಲಿ ಕುಳಿತಿರುವುದು. ಇಷ್ಟು ಸೂಕ್ಷ್ಮವಾದ ವಸ್ತುವು ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಮುಳ್ಳು ತಟ್ಟೆಗೆ ತಾಗುವುದು. ತಾಗಿದಲ್ಲಿ ಲೇಪವು ಕೆರೆದುಹೋಗುವುದು. ಬೀಳದಿದ್ದರೂ ವಯಸ್ಸಾಗುವುದು ಯಾರಿಗೂ ತಪ್ಪಿದ್ದಲ್ಲ.

ಕೇಡಿನ ಲಕ್ಷಣಗಳು ಹೀಗೆ: ಒಂದು ಫೈಲನ್ನು ತೆರೆಯಲು ಎಂದಿಲ್ಲದ ವಿಳಂಬ, ನಕಲು ಅರ್ಧಕ್ಕೆ ನಿಲ್ಲುವುದು, ಡಿಸ್ಕು ಕಂಪ್ಯೂಟರಿಗೆ ಒಮ್ಮೆ ಕಾಣುವುದು, ಒಮ್ಮೆ ಕಾಣದಿರುವುದು, ಎಲ್ಲಕ್ಕಿಂತ ಕೆಟ್ಟದ್ದು, ಒಳಗಿನಿಂದ ಟಿಕ್ ಟಿಕ್ ಎಂಬ ಶಬ್ದ.

ಕಳೆದ ಮಳೆಗಾಲದಲ್ಲಿ ಪಾಲಿಬೆಟ್ಟದ ನಮ್ಮ ನೆರೆಮನೆಯ ಹುಡುಗನೊಬ್ಬನು ಇಂತಹ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದನು. ಅದರಲ್ಲಿ ಅವನ ಅಜ್ಜಿಯು ಹಾಡಿದ ಹನ್ನೊಂದು ಹಾಡುಗಳಿದ್ದುವು. ಅಜ್ಜಿ ತೀರಿಕೊಂಡು ಮೂರು ವರ್ಷ. ಹಾಡನ್ನು ಹಿಡಿದ ಫೋನನ್ನು ಮಾರಿಯಾಗಿತ್ತು. ಕೊಡಗಿನ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರೆಂಬುದು ನಿಜ, ಆದರೆ ಒಂದು ಮನೆಯ ಅಜ್ಜಿಯ ಕಂಠವು ಯಾವ ಅಚ್ಚಿನಲ್ಲಿಯೂ ಇರುವುದಿಲ್ಲವಷ್ಟೆ. ಕಂಪ್ಯೂಟರು “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು” ಎಂದು ಬರೆದು ತೋರಿಸುತ್ತಿತ್ತು.

“ಮಾಸ್ತರೇ, ಇದನ್ನು ಒತ್ತಲೋ, ಬೇಡವೋ?”

“ಒತ್ತಬೇಡಪ್ಪ. ಮೊದಲು ತಂತಿ ತೆಗೆ.”

ವಾಚಕರು ಇದನ್ನು ಗಮನವಿಟ್ಟು ನೋಡಬೇಕು. ಕಂಪ್ಯೂಟರು ಕೇಳುವ ಆ ಪ್ರಶ್ನೆಯು ಹಿತವಚನದಂತೆ ಕೇಳಿಸಿದರೂ ಹಿತವಲ್ಲ. ಫಾರ್ಮ್ಯಾಟ್ ಎಂದರೆ ಗ್ರಂಥದ ವಿಷಯಾನುಕ್ರಮಣಿಕೆಯನ್ನು ಒರಸಿ ಹೊಸದನ್ನು ಬರೆಯುವುದು. ಕೆಲವು ಸಲ ಗ್ರಂಥವನ್ನೇ ಒರಸುವುದು. ‘ದೋಷಗಳನ್ನು ಪರೀಕ್ಷಿಸಿ ಸರಿಪಡಿಸಲೆ?’ ಎಂಬ ಇನ್ನೊಂದು ಪ್ರಶ್ನೆಗೂ ಬೇಡವೆಂದೇ ಹೇಳತಕ್ಕದ್ದು. ಸರಿಪಡಿಸುವ ಕಾರ್ಯವು ಡಿಸ್ಕಿನ ಮೇಲೆ ಬರೆಯುವ ಕಾರ್ಯ. ರೋಗಿಯ ಮೇಲೆ ಬರೆಯಲಾಗದು. ರೋಗಿಯನ್ನು ಸಾಧ್ಯವಾದಷ್ಟು ಕಡಮೆ ಸಲ ಓದಬೇಕು, ಓದಿದ್ದನ್ನು ಬೇರೊಂದು ಆರೋಗ್ಯವಂತ ಡಿಸ್ಕಿಗೆ ಇಳಿಸಬೇಕು, ಮಿಕ್ಕ ಹುಡುಕಾಟವೆಲ್ಲವನ್ನೂ ಆ ಪ್ರತಿಯ ಮೇಲೆ ಮಾಡಬೇಕು. ಈ ವಿದ್ಯೆಯ ಪ್ರಾಣ ಇಷ್ಟೇ.

ನಮ್ಮ ಲಿಪಿಕಾರರು ಮಾಡುತ್ತಿದ್ದುದೂ ಇದನ್ನೇ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗಳು ಬಂದು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದು 1905ರಲ್ಲಿ; ಅಚ್ಚಾದುದು 1909ರಲ್ಲಿ. ಹಳೆಯ ಓಲೆಯನ್ನು ಬಲ್ಲವನು ಹುಳು ತಿಂದ ಅಕ್ಷರದ ಮೇಲೆ ತನ್ನ ಕಂಟದಿಂದ ತಿದ್ದಲು ಹೋಗುವುದಿಲ್ಲ. ಓದಬಲ್ಲದ್ದನ್ನು ಓದಿ ಹೊಸ ಓಲೆಗೆ ಇಳಿಸುವನು. ಓದಲಾಗದೆಡೆಯಲ್ಲಿ ಅಷ್ಟೇ ಜಾಗವನ್ನು ಬರಿದಾಗಿ ಬಿಟ್ಟು ಮುಂದೆ ಹೋಗುವನು. ಮತ್ತೊಮ್ಮೆ, ಬೆಳಕು ಚೆನ್ನಾಗಿರುವಾಗ, ಆ ಬರಿದಾದ ಎಡೆಗೆ ಹಿಂದಿರುಗುವನು. ತನ್ನ ಊಹೆಯನ್ನು ಅಲ್ಲಿ ತುಂಬುವುದಿಲ್ಲ.

ಗ್ನೂ ಡಿಡಿರೆಸ್ಕ್ಯೂ ಎಂಬ, ಹಣವಿಲ್ಲದೆ ದೊರೆಯುವ ಪ್ರೋಗ್ರಾಮು ಇದೇ ಸಂಪ್ರದಾಯದ್ದು. ಸಾಧಾರಣ ನಕಲು ಕೆಟ್ಟ ಎಡೆಗೆ ಬಂದೊಡನೆ ಅಲ್ಲಿಯೇ ತಲೆ ಚಚ್ಚಿಕೊಂಡು ನಿಲ್ಲುವುದು, ರೋಗಿಯನ್ನೂ ಚಚ್ಚುವುದು. ಇದಾದರೋ ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಮೊದಲು ಸಾಗಿಸಿ, ಕೆಟ್ಟ ಎಡೆಗಳನ್ನು ಹಾರಿ, ಕಡೆಯಲ್ಲಿ ಅವುಗಳಿಗೆ ಹಿಂದಿರುಗುವುದು. ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿ, ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು. ಆ ಪಟ್ಟಿಯ ಬೆಲೆ ನಮ್ಮ ಕಡೆಯವರಿಗೆ ಗೊತ್ತು: ಮುಂಗಾರಿನಲ್ಲಿ ಮರ ಬಿದ್ದು ಕರೆಂಟು ಹೋದರೂ ಕೆಲಸವು ನಿಂತಲ್ಲಿಂದ ಮುಂದುವರಿಯುವುದು. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ ಇದನ್ನು ನಡೆಸಬಹುದು. ಪ್ರತಿ ಇಳಿಸುವ ಡಿಸ್ಕು ಹಳೆಯದಕ್ಕಿಂತ ದೊಡ್ಡದಿರಲಿ. ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಅಳತೆಯಿಂದ ಎರಡು ಸಲ ನೋಡಿಯೇ ಆಜ್ಞೆ ಕೊಡತಕ್ಕದ್ದು. ಅದಲುಬದಲಾದರೆ ಬರಿದಾದ ಡಿಸ್ಕು ತುಂಬಿದ ಡಿಸ್ಕನ್ನು ನುಂಗುವುದು.

ಹುಡುಗನ ಡಿಸ್ಕಿಗೆ ಮೊದಲು ಬೇರೆ ತಂತಿ ಹಾಕಿ ನೋಡಿದೆವು, ಏಕೆಂದರೆ ಎಷ್ಟೋ ಸಲ ತಂತಿಯೇ ಕೆಟ್ಟಿರುವುದು. ಇಲ್ಲಿ ಹಾಗಿರಲಿಲ್ಲ. ಶಬ್ದವಿರಲಿಲ್ಲವೆಂಬುದೇ ಧೈರ್ಯ. ಪ್ರತಿ ಇಳಿಯಲು ಎರಡು ಹಗಲು, ಒಂದು ರಾತ್ರಿ ಹಿಡಿಯಿತು. ಅಷ್ಟರಲ್ಲಿ ಎರಡಾವರ್ತಿ ಕರೆಂಟು ಹೋಯಿತು. ಅನಂತರ ಪ್ರತಿಯ ಮೇಲೆ ಫೋಟೋರೆಕ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಬಿಟ್ಟೆವು. ಅನುಕ್ರಮಣಿಕೆಯು ಹರಿದುಹೋಗಿದ್ದರೂ ಅದು ಪ್ರತಿಯೊಂದು ಫೈಲನ್ನೂ ಅದರ ಆರಂಭದ ಗುರುತಿನಿಂದ ಹಿಡಿದು ತೆಗೆಯುವುದು. ಹೆಸರುಗಳು ಮಾತ್ರ ಬರುವುದಿಲ್ಲ, ಅಂಕಿಗಳು ಬರುವುವು. ಆದುದರಿಂದ ಯಾವ ಹಾಡು ಯಾವುದೆಂದು ಮನೆಯವರೆಲ್ಲ ಕುಳಿತು ಕೇಳಬೇಕಾಯಿತು.

ಹತ್ತು ಹಾಡುಗಳು ಇಡಿಯಾಗಿ ಬಂದುವು. ಹನ್ನೊಂದನೆಯ ತೊಟ್ಟಿಲ ಹಾಡಿನ ನಡುವೆ ನಾಲ್ಕಾರು ಕ್ಷಣ ಧ್ವನಿಯಿಲ್ಲ. ಆ ತೆರವನ್ನು ಕತ್ತರಿಸಿ ಎರಡು ತುದಿಗಳನ್ನು ಸೇರಿಸಿಬಿಡುವೆನೆಂದು ಹುಡುಗನು ಹೊರಟನು. ನಾವು ಬೇಡವೆಂದೆವು. ತೆರವಿದ್ದರೆ ಅಲ್ಲಿ ಏನೋ ಇತ್ತೆಂದು ಮುಂದಿನವರಿಗೆ ತಿಳಿಯುವುದು. ಅವನ ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, ತೆರವಿನ ಎಡೆ ಬಂದಾಗ ಆ ಸಾಲನ್ನು ತಾವೇ ಮೆಲ್ಲನೆ ಹಾಡಿದರು. ಅದನ್ನು ಬೇರೆ ಫೈಲಾಗಿ, ತಾಯಿಯ ಹೆಸರಿನಿಂದಲೇ ಇಡಿಸಿದೆವು.

ಟಿಕ್ ಟಿಕ್ ಶಬ್ದವಿದ್ದರೆ, ಅಥವಾ ತಟ್ಟೆ ತಿರುಗದೆ ಇದ್ದರೆ, ಇದಾವುದನ್ನೂ ಮನೆಯಲ್ಲಿ ಮಾಡಕೂಡದು. ಮುಚ್ಚಳ ತೆರೆಯುವುದಂತೂ ಸರ್ವಥಾ ಕೂಡದು. ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವು ಆ ಮುಳ್ಳಿಗೆ ಬಂಡೆಯಿದ್ದಂತೆ. ಫ್ರಿಜ್ಜಿನಲ್ಲಿಟ್ಟು ತಣಿಸಿದರೆ ಸರಿಯಾಗುವುದೆಂದು ಕೆಲವರು ಹೇಳುವರು. ಹೊರತೆಗೆದೊಡನೆ ಒಳಗೆ ನೀರಿನ ಬೆವರು ಕೂರುವುದು. ಜುಲೈ ತಿಂಗಳ ಕೊಡಗಿನಲ್ಲಿ ಕೇಳುವುದೇ ಬೇಡ. ಅದೇ ಜಾತಿಯ ಇನ್ನೊಂದು ಡಿಸ್ಕಿನ ಹಲಗೆಯನ್ನು ತಂದು ಜೋಡಿಸುವ ಉಪಾಯವೂ ಈಗಿನವುಗಳಲ್ಲಿ ಸಾಮಾನ್ಯವಾಗಿ ಫಲಿಸದು, ಏಕೆಂದರೆ ಪ್ರತಿಯೊಂದು ಡಿಸ್ಕಿನ ಅಳತೆಗಳೂ ಅದರ ಸ್ವಂತ ಹಲಗೆಯಲ್ಲಿಯೇ ಅಡಕವಾಗಿರುವುವು. ಕೆಲವು ಡಬ್ಬಿಗಳು ಬರೆದುದನ್ನೆಲ್ಲ ಗುಪ್ತಲಿಪಿಯಲ್ಲಿಯೇ ಬರೆಯುವುದರಿಂದ ಡಬ್ಬಿಯಿಂದ ಡಿಸ್ಕನ್ನು ಬಿಡಿಸಿ ಬೇರೆಡೆ ಜೋಡಿಸಿದರೆ ಅಕ್ಷರವೇ ಹತ್ತದು. ಇಂತಹ ಕೇಡಿಗೆ ಧೂಳಿಲ್ಲದ ಕೋಣೆಯುಳ್ಳ ಪರಿಣತರು ಬೇಕು, ಬೆಂಗಳೂರಿಗೆ ಹೋಗಬೇಕಾಗುವುದು. ಅವರ ಸಂಭಾವನೆಯು ಡಿಸ್ಕಿನ ಬೆಲೆಯ ಎಷ್ಟೋ ಪಾಲಾಗಬಹುದಾದುದರಿಂದ, ಏನೂ ದೊರೆಯದಿದ್ದರೆ ಎಷ್ಟು ಕೊಡಬೇಕೆಂಬುದನ್ನು ಮೊದಲೇ ಬರೆಸಿಕೊಳ್ಳುವುದು ಲೇಸು.

ಎರಡನೆಯ ಪ್ರತಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯೊಂದು ಉಳಿಯಿತು. 2018ರ ಆಗಸ್ಟಿನಲ್ಲಿ ಉತ್ತರ ಕೊಡಗಿನ ಗುಡ್ಡಗಳು ಜರಿದಾಗ ಮನೆಗೆ ಮನೆಯೇ ಹೋಯಿತು. ಮೂಲವೂ ಪ್ರತಿಯೂ ಒಂದೇ ಕಪಾಟಿನಲ್ಲಿದ್ದವರಿಗೆ ಎರಡೂ ಇಲ್ಲವಾಗುವುದಷ್ಟೆ. ನೆರೆಮನೆಯವರು ಒಂದು ಪ್ರತಿಯನ್ನು ಮೈಸೂರಿನಲ್ಲಿರುವ ಮಗಳಿಗೆ ಕಳುಹಿಸಿದ್ದಾರೆ. ಹಳೆಯ ಡಿಸ್ಕನ್ನು ಎಸೆದಿಲ್ಲ. ತಾರೀಕು ಬರೆದ ಚೀಟಿಯನ್ನಂಟಿಸಿ, ಕಂಪ್ಯೂಟರಿಗೆ ಜೋಡಿಸಬೇಡಿರೆಂದು ಸೂಚಿಸಿ, ಅಕ್ಕಿಯ ಕಣಜದಿಂದಲೂ ಒಲೆಯಿಂದಲೂ ದೂರವಾದ ಒಣ ಜಾಗದಲ್ಲಿ ಇಟ್ಟಿದ್ದಾರೆ.