ಬ್ರೋಕರ್ ಯಾರ ಕಡೆಯವರು?

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ 'ಬಾ, ಒಂದು ಸೈಟು ನೋಡ್ಕೊಂಡು ಬರೋಣ' ಅಂತ ಯಜಮಾನರು ಹೊರಡಿಸಿದರೆ, ನಮ್ಮ ಯಲಹಂಕ ಕಡೆಯವರ ಕಾರು ತಿರುಗುವುದು ಬಳ್ಳಾರಿ ರಸ್ತೆಗೇ. ಹುಣಸಮಾರನಹಳ್ಳಿ, ಅದರಾಚೆ ಚಿಕ್ಕಜಾಲ... 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯ ಅಕ್ಕಪಕ್ಕದ ಎಷ್ಟೋ ಹೊಲ ತೋಟಗಳು ಬಡಾವಣೆಗಳಾದವು. ಹುಣಸಮಾರನಹಳ್ಳಿ ಪಂಚಾಯ್ತಿ ಹೋಗಿ ಪುರಸಭೆಯೂ ಆಯಿತು. ಟೀ ಅಂಗಡಿಯಲ್ಲಿ ನಿಂತು 'ಇಲ್ಲಿ ಸೈಟು ಇದೆಯಾ' ಅಂದರೆ ಸಾಕು, ಬ್ರೋಕರ್ ಪ್ರತ್ಯಕ್ಷ!

ನಾವೂ ಹೋಗಿದ್ದೆವು. ಮೂವತ್ತು ನಲವತ್ತರ ಸೈಟು. 'ಅಕ್ಕಾ, ನಾನು ನಿಮ್ಮ ಕಡೆಯವನು. ಓನರ್ ಹತ್ರ ಮಾತಾಡಿ ಕಮ್ಮಿ ಮಾಡಿಸ್ತೀನಿ' ಅಂದರು ನಮ್ಮನ್ನು ಕರೆದುಕೊಂಡು ಹೋದವರು. ನಾನು ಪೆದ್ದಿ, ಕಾರಿನಲ್ಲಿ ಕೂತು ಎಲ್ಲವನ್ನೂ ಒಪ್ಪಿಸಿದೆ. ಚೀಟಿ ದುಡ್ಡು ಇಷ್ಟು, ಒಡವೆ ಇಟ್ಟರೆ ಇಷ್ಟು, ಕೊನೆಗೆ ಇಷ್ಟಕ್ಕೆ ಹತ್ತಬಹುದು ಅಂತ. ಮುಂದಿನ ವಾರ ಓನರ್ ಹೇಳಿದ ಕೊನೆಯ ರೇಟು ಸರಿಯಾಗಿ ಆ ಅಂಕಿಗೇ ಬಂದು ನಿಂತಿತು. ಆಮೇಲೆ ಓನರ್ ಮನೆಯಾಕೆಯೇ ಕಾಫಿ ಕೊಡುತ್ತಾ, ಅವರಿಂದಲೂ ಶೇಕಡಾ 2 ಕಮಿಷನ್ ಮಾತಾಗಿದೆ, 'ಅವರು ಕೊಡ್ತಾರೆ, ಇಳೀಬೇಡಿ' ಅಂತ ಹೇಳಿದ್ದಾರೆ ಅಂದರು. ನಾವು ಎದ್ದು ಬಂದೆವು.

ಆ ಮನುಷ್ಯ ಕೆಟ್ಟವರು ಅಂತಲ್ಲ. ಲೆಕ್ಕವೇ ಹಾಗಿದೆ ನೋಡಿ. ಅರವತ್ತು ಲಕ್ಷದ ಸೈಟಿಗೆ ಶೇಕಡಾ 2 ಅಂದರೆ 1 ಲಕ್ಷ 20 ಸಾವಿರ. ಚೌಕಾಸಿ ಮಾಡಿ ನಿಮಗೆ ಐದು ಲಕ್ಷ ಉಳಿಸಿಕೊಟ್ಟರೆ ಬ್ರೋಕರ್‌ಗೆ ಹತ್ತು ಸಾವಿರ ನಷ್ಟ. ಎರಡೂ ಕಡೆಯಿಂದ ತೆಗೆದುಕೊಳ್ಳುವವರಿಗೆ ಇಪ್ಪತ್ತು ಸಾವಿರ. ತನ್ನ ಜೇಬಿಗೆ ತಾನೇ ಕತ್ತರಿ ಹಾಕಿಕೊಂಡು ನಮಗಾಗಿ ಜಗಳವಾಡಿ ಅಂತ ಕೇಳಿದರೆ ಯಾರು ಆಡ್ತಾರೆ ಹೇಳಿ?

ಅಮೆರಿಕದಲ್ಲಿ ಕೊಳ್ಳುವವರಿಗೇ ಬೇರೆ ಏಜೆಂಟ್ ಇರುವ ಪದ್ಧತಿ ಇದೆ. ಆದರೆ ಅವರ ಕಮಿಷನ್ ಸಾಮಾನ್ಯವಾಗಿ ಮಾರುವವರ ದುಡ್ಡಿನಿಂದಲೇ ಬರುತ್ತಿತ್ತು. ಅದೇ ದೊಡ್ಡ ಕೇಸಾಗಿ 2023ರ ಅಕ್ಟೋಬರ್‌ನಲ್ಲಿ ಮಿಸೌರಿಯ ಜ್ಯೂರಿ ಮನೆ ಮಾರಿದವರ ಪರ ತೀರ್ಪು ಕೊಟ್ಟಿತು. ಮರುವರ್ಷ ಅಲ್ಲಿನ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. 2024ರ ಆಗಸ್ಟ್ 17ರಿಂದ ಆ ಸಂಘದ ಏಜೆಂಟರು ಮನೆ ತೋರಿಸುವ ಮೊದಲೇ, ತಮ್ಮ ಫೀಸ್ ಎಷ್ಟು ಅಂತ ಬರೆದು ಕೊಳ್ಳುವವರ ಸಹಿ ಪಡೆಯಬೇಕು.

ನಮ್ಮಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. 2016ರ ರೇರಾ ಕಾಯ್ದೆ ಪ್ರಕಾರ, ನೋಂದಣಿಯಾಗಬೇಕಾದ ಪ್ರಾಜೆಕ್ಟಿನಲ್ಲಿ ಸೈಟು, ಫ್ಲ್ಯಾಟು ಮಾರಿಸುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ಆ ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಿ. ನೋಂದಣಿಯಿಲ್ಲದ ಪ್ರಾಜೆಕ್ಟ್ ತೋರಿಸುವಂತಿಲ್ಲ, ಸುಳ್ಳು ಹೇಳಿ ಮಾರುವಂತಿಲ್ಲ. ತಪ್ಪಿದರೆ ದಿನಕ್ಕೆ 10 ಸಾವಿರದಂತೆ, ಆಸ್ತಿ ಬೆಲೆಯ ಶೇಕಡಾ 5ರವರೆಗೂ ದಂಡ ಬೀಳಬಹುದು.

ಆದರೆ ನಮ್ಮ ಹಾಗೆ ಯಾರೋ ಒಬ್ಬರ ಸೈಟನ್ನು ಮರುಖರೀದಿ ಮಾಡುವವರಿಗೆ ಈ ಕಾಯ್ದೆಯ ರಕ್ಷಣೆ ಅಷ್ಟಾಗಿ ಸಿಗದು. ಅಲ್ಲಿ ಕೈಹಿಡಿಯುವುದು 1872ರ ಕರಾರು ಕಾಯ್ದೆ, ಅಂದರೆ ನಮ್ಮ ಮುತ್ತಜ್ಜಿಯರ ಕಾಲದ್ದು. ಏಜೆಂಟ್ ಆದವರು ತಮ್ಮನ್ನು ನೇಮಿಸಿಕೊಂಡವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ ಎನ್ನುವ ತತ್ವ ಅದರಲ್ಲಿದೆ. ತೊಡಕು ಎಲ್ಲಿ ಅಂದರೆ, ಅವರು ನಿಮ್ಮ ಏಜೆಂಟ್ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ? 'ನಿಮ್ಮ ಕಡೆಯವನು ಅಕ್ಕಾ' ಅನ್ನೋ ಬಾಯಿಮಾತು ಕೋರ್ಟಿನಲ್ಲಿ ಎಷ್ಟು ನಿಂತೀತು?

ಅದಕ್ಕೇ ಒಂದು ಚೀಟಿ ಬರೆಸಿಕೊಳ್ಳಿ. ಫೀಸ್ ಶೇಕಡಾವಾರು ಬೇಡ, ಇಷ್ಟು ಸಾವಿರ ಅಂತ ಗಟ್ಟಿ ಮೊತ್ತ ಇರಲಿ. ಓನರ್‌ನಿಂದಲೂ ತೆಗೆದುಕೊಳ್ತಾರಾ, ಓನರ್ ಅವರಿಗೆ ನೆಂಟರಾ ಅನ್ನೋದನ್ನೂ ಬರೆಯಲಿ. ನಿಮ್ಮ ಕೊನೆಯ ಅಂಕಿಯನ್ನು ಮಾತ್ರ ಯಾರಿಗೂ ಹೇಳಬೇಡಿ, ಚೀಟಿ ಬರೆದುಕೊಟ್ಟವರಿಗೂ.

ಇನ್ನು ಕಾಗದಪತ್ರ. ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನಂಬದೆ ಇಸಿಯನ್ನು ಕಾವೇರಿ ಪೋರ್ಟಲ್‌ನಿಂದ ನೀವೇ ತೆಗೆಸಿ. ಹೊಲದಲ್ಲಿ ಕಲ್ಲು ನೆಟ್ಟ ರೆವಿನ್ಯೂ ಸೈಟೋ, ಭೂಪರಿವರ್ತನೆ ಆದದ್ದೋ, ಇ-ಖಾತೆ ಇದೆಯೋ ನೋಡಿ. 'ಜಿಪಿಎ ಮಾಡಿಕೊಡ್ತೀವಿ, ಸಾಕು' ಅಂದರೆ ಅಲ್ಲಿಂದ ಹೊರಟುಬಿಡಿ. ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಲಾಯರನ್ನಂತೂ ಬ್ರೋಕರ್ ಕೈಲಿ ಹುಡುಕಿಸಬೇಡಿ ಮಾರಾಯ್ರೆ!

ಆ ಚೀಟಿ ತೋರಿಸಿದಾಗ ಒಬ್ಬರು 'ನಂಬಿಕೆ ಇಲ್ವಾ ಮೇಡಂ' ಅಂತ ಮುಖ ಊದಿಸಿ ಹೋದರು. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಹಾಕಿದರು. 'ಮೊದಲೇ ಹೇಳಿಬಿಡ್ತೀನಮ್ಮ, ಈಗ ತೋರಿಸೋ ಸೈಟಿನ ಓನರ್ ನನ್ನ ದೊಡ್ಡಪ್ಪನ ಮಗ' ಅಂದರು. ಮುಂದಿನ ಭಾನುವಾರ ಅವರ ಜೊತೆಗೇ ಹೋಗುತ್ತಿದ್ದೇವೆ.