ವೇಷ ಕೊಟ್ಟೆವು, ಪೆನ್ನು ಕೊಡಲಿಲ್ಲ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು ಕೊಳ್ಳೇಗಾಲಕ್ಕೆ ಬರುವ ಬಸ್ಸು ಕಾವೇರಿ ಸೇತುವೆ ದಾಟಿದ ಮೇಲೆ ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಭರಚುಕ್ಕಿ ನೋಡಲು ಬಂದವರು ಇಳಿದು ಶಿವನಸಮುದ್ರದ ದಾರಿ ಹಿಡಿಯುತ್ತಾರೆ. ಬಸ್ಸಿನಲ್ಲಿ ಉಳಿದವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಈ ಸೀಮೆ ಎಂಥದ್ದೆಂದು ಗೊತ್ತಾಗುತ್ತದೆ. ಕಾಲೇಜು ರಜೆಗೆ ಒಡೆಯರಪಾಳ್ಯಕ್ಕೆ ಹೊರಟ ಹುಡುಗಿ ಫೋನಿನಲ್ಲಿ ಅಮ್ಮನ ಜೊತೆ ಟಿಬೆಟನ್ ಆಡುತ್ತಾಳೆ, ಪಕ್ಕದ ಗೆಳತಿಯ ಜೊತೆ ಹಿಂದಿ. ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಟ್ಟರೆ, ‘ಇಳಿಯೋವಾಗ ಚಿಲ್ರೆ ಮರೀಬೇಡ ಕನಣ್ಣ’ ಎಂದು ಅಪ್ಪಟ ಕೊಳ್ಳೇಗಾಲದ ಕನ್ನಡ. ಹಿಂದಿನ ಸೀಟಿನಲ್ಲಿ ಮಾರ್ಟಳ್ಳಿಯ ಹುಡುಗರ ತಮಿಳು. ಅವರ ಜಗಳ ಜೋರಾದಾಗ ಬೈಗುಳ ಮಾತ್ರ ಕನ್ನಡದಲ್ಲಿ ಬರುತ್ತದೆ.

ಇದೆಲ್ಲ ನಿನ್ನೆ ಮೊನ್ನೆ ಆದ ಬೆರಕೆ ಅಲ್ಲ. 1956ರ ನವೆಂಬರ್ 1ರವರೆಗೆ ಸತ್ತೇಗಾಲದ ಹೊಳೆಯ ಆಚೆ ದಂಡೆ ಮೈಸೂರು, ಈಚೆ ದಂಡೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಮೈಸೂರಿನ ತುಂಡು. ಅಜ್ಜನ ಹಳೇ ಪತ್ರಗಳಿಗೆ ಮದ್ರಾಸಿನ ಮೊಹರು, ಮೊಮ್ಮಗನ ಮಾರ್ಕ್ಸ್‌ಕಾರ್ಡಿಗೆ ಕರ್ನಾಟಕದ್ದು. ಎರಡು ಸಂಸ್ಕೃತಿಗಳ ನಡುವೆ ಬೆಳೆಯುವ ಮಕ್ಕಳು ಎಂದರೆ ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಕನ್ನಡ ಶಾಲೆಗೆ ಹೋಗುವ ಮಕ್ಕಳು ನಮ್ಮ ಕಣ್ಣ ಮುಂದೆ ಬರುತ್ತಾರೆ. ಹನೂರಿನ ಸರ್ಕಾರಿ ಶಾಲೆಯ ಮಕ್ಕಳು ಬರುವುದಿಲ್ಲ.

ಈ ಬಗೆಯ ಮಕ್ಕಳನ್ನು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಮೊದಲು ಗುರುತಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್. 1950ರ ದಶಕದಲ್ಲಿ ಅವರು ಆ ಅಧ್ಯಯನ ಮಾಡಿದ್ದು ಭಾರತದಲ್ಲೇ, ಇಲ್ಲಿ ಕೆಲಸಕ್ಕೆ ಬಂದಿದ್ದ ಅಮೆರಿಕನ್ ಕುಟುಂಬಗಳ ನಡುವೆ. ಆಮೇಲೆ ಆ ವಿಷಯದ ಮೇಲೆ ಕಪಾಟುಗಟ್ಟಲೆ ಪುಸ್ತಕ ಬಂದವು. ಅವುಗಳಲ್ಲಿ ಬಹುಪಾಲು ರಾಜತಾಂತ್ರಿಕರ, ಪಾದ್ರಿಗಳ, ದೊಡ್ಡ ಕಂಪನಿ ನೌಕರರ ಮಕ್ಕಳ ಕಥೆ. ಪಾಸ್‌ಪೋರ್ಟು ಕೈಯಲ್ಲಿದ್ದವರಿಗೆ ‘ನಾನು ಯಾರು’ ಎಂಬುದು ಮನಸ್ಸಿನ ಪ್ರಶ್ನೆ. ನಮ್ಮ ಕಡೆ ಅದು ತಾಲ್ಲೂಕು ಕಚೇರಿಯ ಪ್ರಶ್ನೆ ಕೂಡ.

ಒಡೆಯರಪಾಳ್ಯವನ್ನೇ ನೋಡಿ. ನಮ್ಮ ಜನ ‘ಟಿಬೆಟ್ ಕ್ಯಾಂಪ್’ ಎನ್ನುವ ಧೋಂಡೆನ್‌ಲಿಂಗ್ ವಸತಿ ಶುರುವಾದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಬೈಲಕುಪ್ಪೆ, ಮುಂಡಗೋಡ, ಹುಣಸೂರಿನ ನಂತರ. ಮುಸುಕಿನ ಜೋಳ ಬೆಳೆಯುವುದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅಲ್ಲಿನವರ ಜೀವನ. ಈಗ ಅಲ್ಲಿ ಆಡುತ್ತಿರುವುದು ಮೂರನೆಯ, ನಾಲ್ಕನೆಯ ತಲೆಮಾರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಅದು ಟಿಬೆಟನ್ನರಿಗೂ ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟೂ 2013ರಲ್ಲಿ ನಮ್ಮ ಹೈಕೋರ್ಟೂ ಹೇಳಬೇಕಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಒಬ್ಬರು ಭಾರತದ ಪ್ರಜೆಯಾಗಿ, ಮತ್ತೊಬ್ಬರು ಆಗಾಗ ನವೀಕರಿಸಬೇಕಾದ ವಿದೇಶಿಯರ ನೋಂದಣಿ ಪತ್ರ ಹಿಡಿದಿರುವುದು ಸಾಧ್ಯ. ಹಾಗೆ ಬೆಳೆದ ಮಗು ಬರೆಯಲು ಕೂತರೆ ಏನು ಬರೆದೀತು?

ಬರೆದವರು ಇದ್ದಾರೆ. ಕವಿ, ಹೋರಾಟಗಾರ ತೆನ್‌ಜಿನ್ ತ್ಸುಂಡು ಹುಟ್ಟಿದ್ದು ಮನಾಲಿಯಲ್ಲಿ, ತಂದೆತಾಯಿ ನೆಲೆ ನಿಂತದ್ದು ಕರ್ನಾಟಕದಲ್ಲಿ, ಓದಿದ್ದು ಹಿಮಾಚಲ, ಮದ್ರಾಸು, ಮುಂಬೈಗಳಲ್ಲಿ. ತನ್ನ ದೇಶಭ್ರಷ್ಟತೆ ಎಂಥದ್ದು ಎಂದು ಅವರು ಬರೆದ ಪ್ರಬಂಧಕ್ಕೆ 2001ರಲ್ಲಿ ಔಟ್‌ಲುಕ್–ಪಿಕಾಡಾರ್ ಪ್ರಶಸ್ತಿ ಬಂತು. ಕಾವ್ಯಪ್ರಬಂಧವಲ್ಲ ಅದು, ಊರು, ಭಾಷೆ, ಕಾಗದಪತ್ರಗಳ ಲೆಕ್ಕ ಕೊಡುತ್ತಲೇ ಕರುಳು ಹಿಂಡುವ ಬರಹ. ಆದರೆ ಅದು ಇಂಗ್ಲಿಷಿನದು. ಕಲಾವಿದ ತೆನ್‌ಜಿಂಗ್ ರಿಗ್ಡೋಲ್ 2011ರಲ್ಲಿ ಸುಮಾರು 20,000 ಕಿಲೋ ಟಿಬೆಟಿನ ಮಣ್ಣನ್ನು ಗಡಿ ದಾಟಿಸಿ ತಂದು ಧರ್ಮಶಾಲೆಯಲ್ಲಿ ಹರಡಿ, ಎಂದೂ ಟಿಬೆಟ್ ಕಾಣದವರನ್ನು ಅದರ ಮೇಲೆ ನಡೆಸಿದರು. ದೊಡ್ಡ ಕಲ್ಪನೆ, ಒಪ್ಪುತ್ತೇನೆ. ಆದರೂ ಒಡೆಯರಪಾಳ್ಯದ ಮಗುವಿನ ಚಪ್ಪಲಿಗೆ ದಿನಾ ಮೆತ್ತುವುದು ಲೊಕ್ಕನಹಳ್ಳಿ ಕಡೆಯ ಮಣ್ಣು. ಈ ಮಣ್ಣಿನ ಕಥೆಯನ್ನು ಆ ಮಗು ಹೇಳಬೇಕಾದ್ದು ಕನ್ನಡದಲ್ಲಿ. ಜಿಲ್ಲೆಯ ಯಾವ ಕವಿಗೋಷ್ಠಿಯ ಆಹ್ವಾನಪತ್ರಿಕೆಯಲ್ಲೂ ಒಡೆಯರಪಾಳ್ಯದ ಹೆಸರನ್ನು ನಾನು ಕಂಡಿಲ್ಲ.

ನಾವು ಅವರನ್ನು ಕರೆಯುವುದೇ ಇಲ್ಲ ಎಂದಲ್ಲ. ರಾಜ್ಯೋತ್ಸವಕ್ಕೆ ಕರೆಯುತ್ತೇವೆ, ನಿಮ್ಮ ಛುಬಾ ಉಡುಪು ತೊಟ್ಟು ಬಂದು ಕುಣಿಯಿರಿ ಎನ್ನುತ್ತೇವೆ. ಅವರಾದ ಮೇಲೆ ಸೋಲಿಗರ ಮಕ್ಕಳ ಸರದಿ. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಣ್ಣ, ‘ಗೊರುಕ ಗೊರುಕಾನ’. ಪರದೆಯ ಹಿಂದೆ ಸೊಪ್ಪು ಬಿಚ್ಚಿ ಯೂನಿಫಾರಂ ತೊಟ್ಟುಕೊಳ್ಳುವ ಹುಡುಗ ಏಳು ವರ್ಷದಿಂದ ಆಶ್ರಮ ಶಾಲೆಯ ಹಾಸ್ಟೆಲಿನಲ್ಲಿರುತ್ತಾನೆ. ತನ್ನವರ ಹಾಡಿಯಾದ ಪೋಡಿಗೆ ಹೋಗುವುದು ರಜೆಗೆ, ರೊಟ್ಟಿ ಹಬ್ಬಕ್ಕೆ. ಅವನ ಫೋನಿನಲ್ಲಿ ದರ್ಶನ್ ಹಾಡೂ ಇರುತ್ತದೆ, ವಿಜಯ್ ಡೈಲಾಗೂ ಇರುತ್ತದೆ. ವೇದಿಕೆಯ ಮೇಲಿನ ಮೂರು ನಿಮಿಷದಲ್ಲಿ ಅವನು ತನ್ನಜ್ಜನ ಪಾತ್ರ ಮಾಡುತ್ತಾನೆ. ತನ್ನ ಪಾತ್ರ ಮಾಡು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ವೇಷ ಬರೀ ಚಂದಕ್ಕಲ್ಲ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಕಾಡಿನೊಂದಿಗೆ ತಮ್ಮ ನಂಟು ಎಷ್ಟು ಹಳೆಯದು, ಯಾವ ಕುಲದ ದೇವರ ಜಾಗ ಎಲ್ಲಿದೆ ಎಂದು ತೋರಿಸಿದ್ದರಿಂದಲೇ ಅದು ದಕ್ಕಿದ್ದು. ‘ನಾವು ಇಂಥವರು’ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಸರ್ಕಾರದ ಕಿವಿಗೆ ಬೀಳುವುದಿಲ್ಲ. ಟಿಬೆಟನ್ ಹಿರಿಯರ ಆತಂಕ ಇನ್ನೂ ದೊಡ್ಡದು. ನೆಲವೇ ಕೈತಪ್ಪಿದವರಿಗೆ ಭಾಷೆ, ಉಡುಪು, ಹಾಡಿನಲ್ಲಿ ಮಾತ್ರ ದೇಶ ಉಳಿದಿದೆ. 1959ರಲ್ಲಿ ದೇಶ ಬಿಟ್ಟು ಬಂದ ವರ್ಷವೇ ಅವರು ಪ್ರದರ್ಶನ ಕಲೆಗಳ ಸಂಸ್ಥೆ ಕಟ್ಟಿದರು ಎಂಬುದು ಸಣ್ಣ ಮಾತಲ್ಲ. ಅಂಥವರ ಮುಂದೆ ನಿಂತು ‘ಬೆರಕೆಯಾಗಿ, ಚೆನ್ನಾಗಿರುತ್ತದೆ’ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಹಿರಿಯರು ಕಾಯುವುದನ್ನು ಕಾಯಲಿ. ನನ್ನ ತಕರಾರು ಇರುವುದು ನಮ್ಮ ಮೇಲೆ, ಅಂದರೆ ಕಾರ್ಯಕ್ರಮ ಏರ್ಪಡಿಸುವ, ತೀರ್ಪು ಕೊಡುವ, ಪತ್ರಿಕೆ ಅಚ್ಚು ಹಾಕುವ ಕನ್ನಡದವರ ಮೇಲೆ. ಅವರ ಅಗತ್ಯಕ್ಕೆ ಅವರು ತೊಡುವ ವೇಷವನ್ನೇ ನಾವು ಅವರ ಪೂರ್ತಿ ಪರಿಚಯ ಎಂದು ಬರೆದುಕೊಂಡೆವು.

ಈ ಸೀಮೆಯ ಕಾವ್ಯ ಹಾಗೆ ಮಾಡಲಿಲ್ಲ. ಮಲೆ ಮಾದೇಶ್ವರನ ಕಥೆಯಲ್ಲಿ ಸಂಕಮ್ಮನ ಸಾಲು ಕೇಳಿದವರಿಗೆ ಗೊತ್ತು. ಸೋಲಿಗರ ನೀಲೇಗೌಡ ಹೆಜ್ಜೇನು ಬೇಟೆಗೆ ಹೊರಡುವ ಮುಂಚೆ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನ ಹಿಂಸೆಗೆ ಬಗ್ಗುವುದೂ ಇಲ್ಲ. ಮಾದಪ್ಪನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಹುಟ್ಟುತ್ತಾರೆ, ಮಾದಪ್ಪನ ಸೇವೆಗೆ ಸೇರುತ್ತಾರೆ. ತಾಯಿ ಕಡೆಯಿಂದ ಕಾಡು, ವರ ಕೊಟ್ಟವನ ಕಡೆಯಿಂದ ಜಂಗಮ. ಇವರು ಯಾವ ಕಡೆಯವರು ಎಂಬ ಪ್ರಶ್ನೆಗೆ ಕಂಸಾಳೆಯವರು ಉತ್ತರ ಹುಡುಕುತ್ತ ಕೂರುವುದಿಲ್ಲ. ಕಥೆಯನ್ನು ಮುಂದೆ ಹಾಡುತ್ತಾರೆ. ಅತ್ತ ಬಿಳಿಗಿರಿಯಲ್ಲಿ ರಂಗಸ್ವಾಮಿ ಸೋಲಿಗರ ಕುಸುಮಾಲೆಯನ್ನು ಕೈಹಿಡಿದ ಮೇಲೆ ದೇವರೇ ಅವರಿಗೆ ಬಾವ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪುಸ್ತಕವಾಗಿ ತಂದ ಮಾದೇಶ್ವರನ ಮಹಾಕಾವ್ಯವನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತೇವೆ. ಸಂಕಮ್ಮನ ಮಕ್ಕಳನ್ನು ಕಾವ್ಯದಲ್ಲಿ ಒಪ್ಪಿಕೊಂಡವರು ತರಗತಿಯಲ್ಲಿ ಕಂಡಾಗ ಅನುಮಾನಿಸುತ್ತೇವೆ.

ಸಿನಿಮಾದ ಕಡೆ ನೋಡಿದರೂ ಅಷ್ಟೇ. ರಾಜಕುಮಾರ್ ಅವರ ತಂದೆ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು. ರಾಜಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಈಗ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದೆ. ಶಾಲೆ ಪ್ರಾಥಮಿಕ ಹಂತದಲ್ಲೇ ನಿಂತಿತು, ನಾಟಕ ಕಂಪನಿ ಅವರನ್ನು ಬೆಳೆಸಿತು. ಗಡಿಯ ಎರಡೂ ಕಡೆಯ ಗಾಳಿ ಕುಡಿದು ಬೆಳೆದ ಹುಡುಗನ ಬಾಯಿಂದಲೇ ನಾವು ಕನ್ನಡದ ಉಚ್ಚಾರಣೆಯ ಮಾದರಿ ಕಲಿತೆವು. ‘ಜನುಮದ ಜೋಡಿ’ (1996) ಬಂದಾಗ ಇದು ನಮ್ಮ ಮಾದಪ್ಪನ ಸೀಮೆಯ ಕಥೆ ಎಂದು ಜನ ಮುಗಿಬಿದ್ದು ನೋಡಿದರು. ಅದರ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ. ಯಾರಿಗೂ ಅದು ಪರಕೀಯ ಅನ್ನಿಸಲಿಲ್ಲ, ಅನ್ನಿಸಬೇಕಾಗಿಯೂ ಇರಲಿಲ್ಲ.

ಗೋಪಿನಾಥಂ ಮಕ್ಕಳ ಪಾಡು ಬೇರೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಊರ ಹೆಸರು ಹೇಳಿದರೆ ಕೇಳಿದವರ ಕಣ್ಣಲ್ಲಿ ವೀರಪ್ಪನ್. ಆ ಊರಿನ ಮೇಲೆ, ಆ ಮನುಷ್ಯನ ಮೇಲೆ 2013ರಲ್ಲಿ ‘ಅಟ್ಟಹಾಸ’ ಬಂತು, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಬಂತು, 2023ರಲ್ಲಿ ಸಾಕ್ಷ್ಯಚಿತ್ರ ಸರಣಿಯೂ ಬಂತು. ಎಲ್ಲವೂ ಹೊರಗಿನಿಂದ ಕ್ಯಾಮೆರಾ ಹೊತ್ತು ಬಂದವರ ಕೆಲಸ. ಅದೇ ಊರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಮಾರಿಯಮ್ಮನ ಗುಡಿ ಕಟ್ಟಿಸಿದ್ದರು. 1991ರಲ್ಲಿ ವೀರಪ್ಪನ್ ಅವರನ್ನು ಕೊಂದ. ಕೊಂದವನೂ ತಮ್ಮೂರವನು, ಊರಿಗೆ ಒಳ್ಳೆಯದು ಮಾಡಿ ಸತ್ತವರ ನೆನಪೂ ತಮ್ಮೂರಿನದೇ. ಈ ಎರಡನ್ನೂ ಹೊತ್ತು ಬೆಳೆಯುವ ಮಗು ತನ್ನ ಬಾಯಿಂದ ಆ ಕಥೆ ಹೇಳಿದರೆ ಈವರೆಗೆ ಬಂದ ಸಿನಿಮಾಗಳಿಗೆ ಸಿಗದ ಏನೋ ಒಂದು ಸಿಗುತ್ತದೆ ಎಂದು ನನಗೆ ಖಾತರಿ. ತಮಿಳು ನುಸುಳುವ ಕನ್ನಡದಲ್ಲೇ ಹೇಳಲಿ.

ಕಾನೂನುಗಳು ಈ ಮಕ್ಕಳನ್ನು ಎರಡೂ ಕಡೆಯಿಂದ ಎಳೆಯುತ್ತವೆ. ತಮಿಳುನಾಡಿನ 2006ರ ಕಾಯ್ದೆ ತಾಳವಾಡಿಯ ಕನ್ನಡ ಮಕ್ಕಳಿಗೆ ತಮಿಳು ಕಡ್ಡಾಯ ಮಾಡಿತು. ನಮ್ಮ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಈ ಕಡೆಯ ತಮಿಳು ಮಕ್ಕಳಿಗೆ ಕನ್ನಡ ಕಡ್ಡಾಯ ಮಾಡಿತು. ತಾಳವಾಡಿಯ ಮಕ್ಕಳ ವಿಷಯಕ್ಕೆ ನಾವು ಮನವಿ ಕೊಡುತ್ತೇವೆ, ಮಾರ್ಟಳ್ಳಿಯ ವಿಷಯ ಬಂದರೆ ‘ಕಲಿಯಲಿ ಬಿಡಿ’ ಎನ್ನುತ್ತೇವೆ. ಇರುವ ನೆಲದ ಭಾಷೆ ಕಲಿಯುವುದು ಒಳ್ಳೆಯದೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕಡ್ಡಾಯದಿಂದ ಪರೀಕ್ಷೆ ಪಾಸಾಗುತ್ತದೆ, ಕವಿತೆ ಹುಟ್ಟುವುದಿಲ್ಲ. ಮನೆಯಲ್ಲಿ ತಮಿಳಾಡಿದ ಮಾಸ್ತಿ, ಪು.ತಿ.ನ., ಮರಾಠಿ ಮನೆಯ ಬೇಂದ್ರೆ ಕನ್ನಡಕ್ಕೆ ಬಂದದ್ದು ಕಾಯ್ದೆ ಹಿಡಿದು ಅಲ್ಲ. ಓದಿ ಮೆಚ್ಚುವವರು, ತಿದ್ದುವವರು, ಅಚ್ಚು ಹಾಕುವವರು ಅವರಿಗೆ ಕನ್ನಡದಲ್ಲಿ ಸಿಕ್ಕರು.

ಮಾಡಬೇಕಾದ್ದು ದೊಡ್ಡ ಖರ್ಚಿನದೂ ಅಲ್ಲ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರುಮಾಡಿದ ‘ನಲಿ ಕಲಿ’ ಇಡೀ ರಾಜ್ಯಕ್ಕೆ ಹಬ್ಬಿತು; ಕಾಡಂಚಿನ ಶಾಲೆಯಿಂದ ಹೊಸತು ಬಂದ ಉದಾಹರಣೆ ನಮ್ಮ ಬಳಿಯೇ ಇದೆ. ಹನೂರು, ಯಳಂದೂರು, ಕೊಳ್ಳೇಗಾಲದ ಶಾಲೆಗಳಲ್ಲಿ ತಿಂಗಳಿಗೊಂದು ಗೋಡೆ ಪತ್ರಿಕೆ ಬರಲಿ. ಅಜ್ಜಿ ಹೇಳಿದ್ದನ್ನು ಮಗು ತನಗೆ ಬಂದ ಹಾಗೆ ಬರೆಯಲಿ, ಸಿಗದ ಪದಕ್ಕೆ ಮನೆಯ ಪದ ಹಾಕಲಿ, ಪಕ್ಕದಲ್ಲಿ ಚಿತ್ರ ಬಿಡಿಸಲಿ. ವರ್ಷದ ಕೊನೆಗೆ ಆಯ್ದು ಒಂದು ಪುಸ್ತಕ ಮಾಡಿದರೆ ಜಿಲ್ಲಾ ಸಾಹಿತ್ಯ ಸಮ್ಮೇಳನದಲ್ಲಿ ಬಿಡುಗಡೆಗೆ ಅದಕ್ಕಿಂತ ಬೇರೆ ಪುಸ್ತಕ ಬೇಕೆ? ಮೈಸೂರಿನ ರಂಗಾಯಣ ಪ್ರತಿ ಬೇಸಿಗೆ ನಡೆಸುವ ಚಿಣ್ಣರ ಮೇಳದಂಥದ್ದು ಒಂದು ವರ್ಷ ಒಡೆಯರಪಾಳ್ಯದಲ್ಲೋ ಬಿಳಿಗಿರಿಯಲ್ಲೋ ಆಗಲಿ. ಮಕ್ಕಳೇ ನಾಟಕ ಕಟ್ಟಲಿ, ಬಸ್ಸಿನ ನಾಲ್ಕು ಭಾಷೆ ಹಾಗೇ ರಂಗಕ್ಕೆ ಬರಲಿ.

ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸವಿದೆ. ಶಾಲಾ ಸ್ಪರ್ಧೆಗಳಲ್ಲಿ ಕಥೆ ಹೇಳುವ ಮಗುವನ್ನು ಅಳೆಯಲು ಕೂರುವ ನಾವು, ಅಂಕಪಟ್ಟಿಯಲ್ಲಿ ಇರಲಿ ಬಿಡಲಿ, ತಲೆಯೊಳಗೆ ‘ಭಾಷಾ ಶುದ್ಧಿ’ ಎಂಬ ಒಂದು ಕಾಲಂ ಹಾಕಿಕೊಂಡಿರುತ್ತೇವೆ. ‘ಳ’ ಹೊರಳದ ನಾಲಿಗೆಗೆ, ‘ಹ’ ಬಿಟ್ಟುಹೋಗುವ ನಾಲಿಗೆಗೆ ಅಲ್ಲೇ ಎರಡು ಅಂಕ ಖೋತಾ. ಹಳೇ ಮೈಸೂರಿನ ಹಳ್ಳಿಗಳ ಅರ್ಧ ಜನ ‘ಹ’ ಹೇಳುವುದಿಲ್ಲ ಎಂಬುದು ಆಗ ನೆನಪಾಗುವುದಿಲ್ಲ. ಕಥೆ ಹೇಳುವ ಸ್ಪರ್ಧೆಯಲ್ಲಿ ಕಥೆಗೇ ಅಂಕ ಕೊಟ್ಟು ಈ ಕಾಲಂ ಕಿತ್ತುಹಾಕಿದರೆ, ಗೋಪಿನಾಥಂ ಹುಡುಗನಿಗೆ ಮೊದಲ ಬಹುಮಾನ ಬರುತ್ತದೋ ಇಲ್ಲವೋ ಹೇಳಲಾರೆ. ಹೆಸರು ಬರೆಸಲು ಟೇಬಲ್ಲಿನ ತನಕ ಬರುತ್ತಾನೆ.