ಲೆಕ್ಕದ ಪುಟ: ಮಂಡಿ ದೊಡ್ಡದಾದರೆ ಸಾಕೇ?

ಬೇರಿಕೆಯ ಅಂಗಡಿ ಸಾಲಿನಲ್ಲೂ ಈಗ ಷೇರಿನ ಮಾತು. ಕೆನರಾ ಬ್ಯಾಂಕಿನ ಪಾಲುದಾರಿಕೆಯ ಕೆನರಾ ರೊಬೆಕೊ ನಿಧಿ ನಿರ್ವಹಣಾ ಕಂಪನಿಯ ಷೇರು 2025ರ ಅಕ್ಟೋಬರಿನಲ್ಲಿ ಪೇಟೆಗೆ ಬಂದಿತು. ಇಂತಹ ಷೇರು ಕೊಳ್ಳಬಹುದೇ?

ಮೊದಲು ವ್ಯತ್ಯಾಸ ತಿಳಿಯೋಣ. ಮ್ಯೂಚುಯಲ್ ಫಂಡಿನ ಯೂನಿಟ್ ಕೊಂಡರೆ ನಮ್ಮ ಹಣ ಹಲವು ಕಂಪನಿಗಳಲ್ಲಿ ಹಂಚಿಹೋಗುತ್ತದೆ. ಷೇರು ಕೊಂಡರೆ ನಿಧಿ ನಿರ್ವಹಿಸುವವರ ವ್ಯಾಪಾರದಲ್ಲಿ ನಾವು ಪಾಲುದಾರರು. ಇದು ಮಂಡಿಯ ವ್ಯಾಪಾರ: ಸರಕು ಪರರದು, ಕಮಿಷನ್ ಮಂಡಿಯದು. ಬಂಡವಾಳ ಹೆಚ್ಚು ಬೇಡ. ಆವಕ ಬೆಳೆದಷ್ಟು ಖರ್ಚು ಬೆಳೆಯದು. ದೊಡ್ಡ ಕಂಪನಿಯ ಬಲ ಇದೇ.

ಆದರೆ ಪೇಟೆ ಕುಸಿದರೆ ನಿಧಿಯ ಮೌಲ್ಯದೊಡನೆ ಕಮಿಷನ್ನೂ ಇಳಿಯುತ್ತದೆ. ಶುಲ್ಕಕ್ಕೆ ಸೆಬಿಯ ಮಿತಿಯುಂಟು. ಅದು ತಗ್ಗಿದರೆ ಲಾಭಕ್ಕೆ ಕತ್ತರಿ. ಕಡಿಮೆ ಶುಲ್ಕದ ಇಂಡೆಕ್ಸ್ ಫಂಡುಗಳ ಪೈಪೋಟಿ ಬೇರೆ.

ಎಲ್ಲಕ್ಕಿಂತ ಮಿಗಿಲು ನಂಬಿಕೆ. ಯೂನಿಟ್ ಟ್ರಸ್ಟಿಗಿಂತ ದೊಡ್ಡ ಹೆಸರು ಅಂದು ಯಾವುದಿತ್ತು? 1964ರಲ್ಲಿ ಆರಂಭವಾದ ಅದರ ಯು.ಎಸ್.-64 ಯೋಜನೆಯ ಮಾರಾಟ, ಮರುಖರೀದಿ ಎರಡೂ 2001ರ ಜುಲೈನಲ್ಲಿ ನಿಂತವು. 2003ರಲ್ಲಿ ಸಂಸ್ಥೆಯೇ ಎರಡಾಯಿತು.

ಆದುದರಿಂದ ಅಂಗಡಿಯ ಚಲಾವಣೆ ಹಣ, ಮಗಳ ಮದುವೆಯ ಹಣ, ಸಾಲದ ಹಣ ಇದಕ್ಕೆ ಬೇಡ. ಮಿಕ್ಕಿದ್ದರಲ್ಲಿ ಅಲ್ಪ ಭಾಗ ಸಾಕು. ಹೆಸರು ನೋಡಿ ಸರಕು ಕೊಳ್ಳದ ನಾವು ಷೇರನ್ನೇಕೆ ಹಾಗೆ ಕೊಳ್ಳಬೇಕು?